ಹಿಂದಿನದನ್ನು ಸೂಚಿಸುವ ಪದಗಳು: ಕಥನ ಮತ್ತು ಕಾರ್ಖಾನೆ

ಇಂಗ್ಲಿಷಿನ ‘ಫಾರ್ಮರ್’, ‘ಲ್ಯಾಟರ್’ ಎಂಬ ಪದಗಳು ಹಿಂದೆ ಹೆಸರಿಸಿದ ಎರಡರಲ್ಲಿ ಕ್ರಮವಾಗಿ ಮೊದಲನೆಯದನ್ನೂ ಎರಡನೆಯದನ್ನೂ ಸೂಚಿಸುತ್ತವೆ. ಇವು ಮೂಲತಃ ಪುಟದ ಪದಗಳು; ಓದುಗನ ಕಣ್ಣು ಹಿಂದಿನ ಸಾಲಿಗೆ ಮರಳಬಲ್ಲದು. ಮೌಖಿಕ ಕಥನಕ್ಕೆ ಆ ಸೌಲಭ್ಯವಿಲ್ಲವಾದ್ದರಿಂದ ಜನಪದ ಕತೆಗಾರರು ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಸಂಪಾದನೆಯಲ್ಲಿ ಅದನ್ನು ಪುನರುಕ್ತಿದೋಷವೆಂದು ತೆಗೆದುಹಾಕುವುದು ತರವಲ್ಲ. ಕನ್ನಡದ ‘ತಾನು’ ಇನ್ನೊಂದು ನೆರವು: ‘ತಾನು ಗೆದ್ದೆನೆಂದು ಅಣ್ಣ ತಮ್ಮನಿಗೆ ಹೇಳಿದ’ ಎಂಬಲ್ಲಿ ಗೆದ್ದವನು ಅಣ್ಣನೇ, ಇಂಗ್ಲಿಷಿನ ‘ಹಿ’ ಅಷ್ಟು ಖಚಿತವಲ್ಲ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥಲ್ಲಿ ಯಂತ್ರಗಳ ಇಂಗ್ಲಿಷ್ ಸೂಚನೆಗಳನ್ನು ಕನ್ನಡಿಸುವವರಿಗೂ ಈ ಮಾತು ಸಲ್ಲುತ್ತದೆ. ‘ಎಣ್ಣೆಯ ವಾಲ್ವು, ನೀರಿನ ವಾಲ್ವು ಇವುಗಳಲ್ಲಿ ಮೊದಲನೆಯದನ್ನು ಮುಚ್ಚಿ’ ಎಂದು ಗದ್ದಲದ ನಡುವೆ ಓದಿ ಹೇಳಿದರೆ, ಕಾರ್ಮಿಕನು ಯಂತ್ರದಲ್ಲಿ ಮೊದಲು ಕಾಣುವ ವಾಲ್ವನ್ನೇ ತಿರುಗಿಸಿಯಾನು. ‘ಎಣ್ಣೆಯ ವಾಲ್ವನ್ನು ಮುಚ್ಚಿ’ ಎಂಬಷ್ಟೇ ಸಾಕು.