ಎಲ್ಕ್ ಬೇಟೆ ಮತ್ತು ಎಲ್ಲರ ಕಾಡು

ಪುಣೆಯಲ್ಲಿ ನಾನು ಕೆಲಸ ಮಾಡುವ ತಂಡದ ಅರ್ಧ ಜನ ಇರುವುದು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ. ನಾವು ಗಣಪತಿ ಹಬ್ಬಕ್ಕೆ, ದೀಪಾವಳಿಗೆ ಊರಿಗೆ ಹೋಗಲು ವರ್ಷದ ಮೊದಲೇ ರಜೆ ಹಾಕಿಡುವಂತೆ ಅವರಲ್ಲಿ ಕೆಲವರು ನವೆಂಬರ್‌ನ ಒಂದು ವಾರವನ್ನು ಕಾದಿರಿಸಿರುತ್ತಾರೆ. ಕ್ಯಾಲೆಂಡರಿನಲ್ಲಿ ಕಾರಣವೆಂದು ಒಂದೇ ಪದ ಇರುತ್ತದೆ: ಎಲ್ಕ್.

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಫೋನ್ ಮಾಡಿದಾಗ ಈ ಸಂಗತಿ ಹೇಳಿದೆ. ಅಪ್ಪ ತಕ್ಷಣ ಕೇಳಿದ್ದು, "ಅಲ್ಲ ಮಾರಾಯ, ಸರ್ಕಾರಿ ಕಾಡಿಗೆ ಕೋವಿ ಹಿಡ್ಕೊಂಡು ಹೋದ್ರೆ ಫಾರೆಸ್ಟಿನವ್ರು ಸುಮ್ನೆ ಬಿಡ್ತಾರಾ?"

"ಬಿಡೋದೇನು ಬಂತಪ್ಪ, ಲೈಸೆನ್ಸ್ ಕೊಡೋದೇ ಸರ್ಕಾರ," ಅಂದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿ ಬೆಳೆದ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಚಪ್ಪರಿಸಿದ ನಮಗೆ ಬೇಟೆ ಎಂದರೆ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿದುಹೋದ ಕಾಲ. ನಾನಂತೂ ಕೋವಿ ಮುಟ್ಟಿದವನಲ್ಲ, ಮಾಂಸ ತಿನ್ನುವವನೂ ಅಲ್ಲ. ಆದರೆ ಅಪ್ಪನ ಪ್ರಶ್ನೆ ತಲೆಯಲ್ಲಿ ಉಳಿಯಿತು. ಸಹೋದ್ಯೋಗಿಗಳನ್ನು ಕೆದಕಿ ಕೇಳುತ್ತ, ಓದುತ್ತ ಹೋದಂತೆ ಅದು ಬೇಟೆಗಿಂತ ದೊಡ್ಡ ಪ್ರಶ್ನೆ ಅನ್ನಿಸಿತು. ಕಾಡು ಯಾರದು? ಅದನ್ನು ಕಾಯುವವರು ಯಾರು?

ಕಡವೆಯ ದೊಡ್ಡಣ್ಣ

ಎಲ್ಕ್ ಜಿಂಕೆಯ ಜಾತಿ. ನಮ್ಮ ಕಡವೆಗಿಂತ ದೊಡ್ಡದು. ರಾಕಿ ಪರ್ವತಗಳ ಬಲಿತ ಗಂಡು 300 ಕಿಲೋ ದಾಟುತ್ತದೆ. ಕೊಂಬುಗಳ ಜೋಡಿಯೇ 18 ಕಿಲೋವರೆಗೆ ತೂಗಬಹುದು. ಆ ಕೊಂಬುಗಳು ಪ್ರತಿವರ್ಷ ಉದುರಿ, ಮತ್ತೆ ಮೂಡುತ್ತವೆ. ಅಲ್ಲಿನವರು ಗಂಡನ್ನು 'ಬುಲ್' ಎಂದೂ ಹೆಣ್ಣನ್ನು 'ಕೌ' ಎಂದೂ ಕರೆಯುವುದರಿಂದ ಮೊದಲ ಸಲ ಕೇಳಿದವರಿಗೆ ದನಕರುಗಳ ಮಾತಾಡುತ್ತಿದ್ದಾರೇನೋ ಅನ್ನಿಸುತ್ತದೆ.

ಸೆಪ್ಟೆಂಬರ್ ಇವುಗಳ ಬೆದೆಯ ಕಾಲ. ಆಗ ಗಂಡು ಎಲ್ಕ್ ಸೀಟಿ ಹೊಡೆದಂತೆ ಕೀರಲು ದನಿಯಲ್ಲಿ ಕೂಗುತ್ತದೆ. ಹೆಣ್ಣುಗಳ ಗುಂಪನ್ನು ಕಾಯುತ್ತ, ಎದುರಾಳಿಗಳನ್ನು ಓಡಿಸುತ್ತ, ಮೇವನ್ನೂ ಮರೆತು ತಿರುಗುತ್ತದೆ. ಆಗ ಅದನ್ನು ಹುಡುಕುವುದು ತುಸು ಸುಲಭ, ತಾನಿರುವ ಜಾಗವನ್ನು ಅದೇ ಕೂಗಿ ಹೇಳುತ್ತದಲ್ಲ!

ಅಕ್ಟೋಬರ್ ಕಳೆಯುವ ಹೊತ್ತಿಗೆ ಚಿತ್ರ ಪೂರ್ತಿ ಬದಲಾಗುತ್ತದೆ. ಬೆದೆಯಲ್ಲಿ ಬಡವಾದ ಗಂಡು, ಮುಂದೆ ಬರಲಿರುವ ಚಳಿಗಾಲವನ್ನು ದಾಟಲು ಮತ್ತೆ ಮೈ ತುಂಬಿಕೊಳ್ಳಬೇಕು. ಹೆಣ್ಣುಗಳ ದೊಡ್ಡ ಹಿಂಡನ್ನು ಬಿಟ್ಟು ಒಂಟಿಯಾಗಿಯೋ, ಎರಡು ಮೂರು ಗಂಡುಗಳ ಜೊತೆಗೋ ದೂರ ಹೋಗಿಬಿಡುತ್ತದೆ. ಕೂಗು ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಮೂರೇ: ಮೇವು, ಮರೆ, ಮನುಷ್ಯನಿಲ್ಲದ ಜಾಗ. ಹಿಮ ಹೆಚ್ಚಿದಂತೆ ಹೆಣ್ಣುಗಳು, ಮರಿಗಳು ಕೆಳಗಿನ ಬಯಲಿಗೆ ಇಳಿದರೂ ಬಲಿತ ಗಂಡು ಮೊಣಕಾಲುದ್ದದ ಹಿಮದಲ್ಲಿ ಮೇಲೆಯೇ ಉಳಿಯಬಲ್ಲದು.

ಕೊಲೊರಾಡೊದಲ್ಲಿ ರೈಫಲ್ ಬೇಟೆಗೆ ಸಾಮಾನ್ಯವಾಗಿ ನಾಲ್ಕು ಸೀಸನ್‌ಗಳು. ಕೊನೆಯದು ನವೆಂಬರ್ ಮೂರನೇ ವಾರದ ಹೊತ್ತಿಗೆ, ಕೆಲವೇ ದಿನಗಳದ್ದು. ಅಷ್ಟರಲ್ಲಿ ಹಿಂದಿನ ಸೀಸನ್‌ಗಳ ಗುಂಡಿನ ಸದ್ದು ಕೇಳಿ ಬದುಕುಳಿದ ಪ್ರಾಣಿಗಳಿಗೆ ಮನುಷ್ಯನ ಎಲ್ಲ ಪಾಠಗಳೂ ಬಾಯಿಪಾಠ.

ದಿಕ್ಕು, ಗಾಳಿ, ತಾಳ್ಮೆ

ಇಂಥ ಪ್ರಾಣಿಯನ್ನು ಹುಡುಕುವ ಬಗೆ ಹೇಗೆ? ಸಹೋದ್ಯೋಗಿ ವಿವರಿಸಿದ್ದು ನಮ್ಮ ಡಿಬಗ್ಗಿಂಗ್‌ನಂತೆಯೇ ಇತ್ತು. ಎಲ್ಲ ಕಡೆ ಹುಡುಕುವುದಲ್ಲ, ಇರಲು ಸಾಧ್ಯವಿಲ್ಲದ ಜಾಗಗಳನ್ನು ಒಂದೊಂದಾಗಿ ಕೈಬಿಡುತ್ತ ಹೋಗುವುದು.

ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಹೆಚ್ಚು. ಅಲ್ಲಿ ಹಿಮ ಬೇಗ ಕರಗಿ ಒಣಹುಲ್ಲು ಕಾಣಿಸಿಕೊಳ್ಳುತ್ತದೆ. ಬೆಳಗಿನ ನಸುಕು ಮತ್ತು ಸಂಜೆ ಎಲ್ಕ್ ಮೇಯುವುದು ಅಲ್ಲಿ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಫರ್, ಸ್ಪ್ರೂಸ್ ಮರಗಳು ಒತ್ತಾಗಿ ಬೆಳೆದಿರುತ್ತವೆ. ಹಗಲು ಮಲಗುವುದು ಆ ಕತ್ತಲಲ್ಲಿ. ಹಾಗಾಗಿ ಈ ಎರಡೂ ಹತ್ತಿರವಿರುವ, ರಸ್ತೆಯಿಂದ ಎರಡು ಮೂರು ಕಿಲೋಮೀಟರ್ ಆಚೆಗಿನ ಕಡಿದಾದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಎದುರಿನ ದಿಣ್ಣೆಯ ಮೇಲೆ ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂರುವುದು. ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿನ ಚಳಿಯಲ್ಲಿ, ಅಲ್ಲಾಡದೆ!

ಎಲ್ಕ್ ಕಂಡರೂ ಕೆಲಸ ಮುಗಿಯಲಿಲ್ಲ. ಬೆಟ್ಟದಲ್ಲಿ ಬೆಳಗ್ಗೆ ತಣ್ಣನೆಯ ಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಅದೇ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಮನುಷ್ಯನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಎಲ್ಕ್ ಆ ಕಣಿವೆಯನ್ನೇ ಬಿಟ್ಟು ಹೋದೀತು. ಕೊಲೊರಾಡೊದಲ್ಲಿ ಎಲ್ಲ ಸೀಸನ್ ಸೇರಿಸಿ ನೋಡಿದರೂ ಐದು ಜನ ಬೇಟೆಗಾರರಲ್ಲಿ ಸರಿಸುಮಾರು ಒಬ್ಬರಿಗೆ ಮಾತ್ರ ಎಲ್ಕ್ ಸಿಗುತ್ತದೆ. ಉಳಿದವರು ನಡೆದು, ನಡುಗಿ, ಬರಿಗೈಯಲ್ಲಿ ವಾಪಸಾಗುತ್ತಾರೆ. ಮರುವರ್ಷ ಮತ್ತೆ ಹೋಗುತ್ತಾರೆ.

ಲೈಸೆನ್ಸಿನ ಸಾಲು

ಈ ಬೇಟೆಗೆ ನಿಯಮಗಳ ದೊಡ್ಡ ಪಟ್ಟಿಯೇ ಇದೆ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿ ಮುಗಿಸದೆ ಕೊಲೊರಾಡೊದಲ್ಲಿ ಲೈಸೆನ್ಸ್ ಪಡೆಯುವಂತಿಲ್ಲ. ರೈಫಲ್ ಹಿಡಿದು ಹೊರಟವರು ಎದೆ, ಬೆನ್ನು, ತಲೆ ಕಾಣುವಂತೆ ಕಣ್ಣು ಕುಕ್ಕುವ ಕೇಸರಿ ಅಥವಾ ಗುಲಾಬಿ ಬಣ್ಣ ತೊಡಬೇಕು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆ. ಹಲವು ವಲಯಗಳಲ್ಲಿ ಒಂದು ಕೊಂಬಿಗೆ ಕನಿಷ್ಠ ನಾಲ್ಕು ಕವಲು ಇಲ್ಲವೇ ಐದು ಇಂಚಿನ ಹಣೆಗವಲು ಇರುವ ಗಂಡನ್ನಷ್ಟೇ ಹೊಡೆಯಬಹುದು. ಎಳೆಯ ಗಂಡುಗಳು ಬಲಿಯಲಿ ಎಂಬ ಉದ್ದೇಶ ಇದರ ಹಿಂದಿದೆ. ಯೆಲ್ಲೋಸ್ಟೋನ್, ರಾಕಿ ಮೌಂಟನ್‌ನಂಥ ರಾಷ್ಟ್ರೀಯ ಉದ್ಯಾನಗಳೊಳಗೆ ಬೇಟೆಗೆ ಅವಕಾಶವೇ ಇಲ್ಲ.

ಕೊನೆಯ ಸೀಸನ್‌ನ ಲೈಸೆನ್ಸ್ ಕೇಳಿದವರಿಗೆಲ್ಲ ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು. ಈ ಸಲ ಸಿಗದವರಿಗೆ ಒಂದು ಅಂಕ. ಅಂಕ ಹೆಚ್ಚಾದಂತೆ ಸಾಲಿನಲ್ಲಿ ಮುಂದೆ. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಕಾದು ಕುಳಿತ ಪ್ರೋಗ್ರಾಂಗೆ ಆದ್ಯತೆ ಏರಿಸುತ್ತ ಹೋಗುವ 'ಏಜಿಂಗ್' ವಿಧಾನ ಓದಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹೊರ ರಾಜ್ಯದವರು ಸ್ಥಳೀಯರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಶುಲ್ಕ ಕಟ್ಟಬೇಕು.

ಗುಂಡು ಹಾರಿದ ಮೇಲಿನ ನಿಯಮಗಳು ಇನ್ನೂ ಬಿಗಿ. ಕೊಂಬನ್ನಷ್ಟೇ ಹೊತ್ತು ಮಾಂಸ ಕಾಡಲ್ಲಿ ಬಿಟ್ಟು ಬಂದರೆ ಅಪರಾಧ. ಮಾಂಸ ಮಾರುವುದೂ ಅಪರಾಧ. ಬಲಿತ ಗಂಡಿನಿಂದ ಮೂಳೆ ತೆಗೆದ ಮಾಂಸವೇ ನೂರು ಕಿಲೋ ಆಚೀಚೆ ಬರುತ್ತದೆ. ರಸ್ತೆ ಇಲ್ಲದ ಕಡೆಯಿಂದ ಅದನ್ನು ಹಿಮದಲ್ಲಿ ನಾಲ್ಕೈದು ಸಲ ಹೊತ್ತು ತರಬೇಕು. "ಗುಂಡು ಹೊಡೆಯುವುದು ಒಂದು ಕ್ಷಣ, ಹೊರುವುದು ಎರಡು ದಿನ. ಹೊರಲಾರದ ಜಾಗದಲ್ಲಿ ಎಲ್ಕ್ ಕಂಡರೆ ನೋಡಿ ಸುಮ್ಮನಾಗಬೇಕು," ಎಂದಿದ್ದ ಸಹೋದ್ಯೋಗಿ. ಅವನ ಮನೆಯ ಫ್ರೀಜರಿನಲ್ಲಿ ಒಂದು ಎಲ್ಕ್ ಎಂದರೆ ವರ್ಷದ ಅಡುಗೆ.

ಲಕ್ಷದಿಂದ ಹತ್ತು ಲಕ್ಷಕ್ಕೆ

ಈ ಬಿಗಿ ಸುಮ್ಮನೆ ಬಂದದ್ದಲ್ಲ. 19ನೇ ಶತಮಾನದಲ್ಲಿ ಮಾಂಸ, ಚರ್ಮ, ಹಲ್ಲುಗಳ ವ್ಯಾಪಾರಕ್ಕಾಗಿ ಲೆಕ್ಕವಿಲ್ಲದೆ ಕೊಂದು, 20ನೇ ಶತಮಾನದ ಆರಂಭಕ್ಕೆ ಉತ್ತರ ಅಮೆರಿಕದಲ್ಲಿ ಉಳಿದ ಎಲ್ಕ್‌ಗಳು ಲಕ್ಷಕ್ಕಿಂತ ಕಡಿಮೆ. ಕೊಲೊರಾಡೊದ ಎಸ್ಟೆಸ್ ಪಾರ್ಕ್ ಸುತ್ತ ಎಲ್ಕ್ ಇಲ್ಲವೇ ಇಲ್ಲ ಎಂಬಂತಾಗಿ, 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ 49 ಎಲ್ಕ್‌ಗಳನ್ನು ತಂದು ಬಿಡಬೇಕಾಯಿತು.

1900ರ ಲೇಸಿ ಕಾಯ್ದೆ, ಕದ್ದು ಬೇಟೆಯಾಡಿದ ಪ್ರಾಣಿಗಳ ಅಂತರರಾಜ್ಯ ವ್ಯಾಪಾರಕ್ಕೆ ತಡೆ ಹಾಕಿತು. ಸ್ವತಃ ಬೇಟೆಗಾರನಾಗಿದ್ದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಮೌಂಟ್ ಒಲಿಂಪಸ್ ಪ್ರದೇಶವನ್ನು ರಕ್ಷಿತ ಸ್ಮಾರಕವೆಂದು ಘೋಷಿಸಿದ್ದಕ್ಕೆ ಅಲ್ಲಿನ ಎಲ್ಕ್‌ಗಳೇ ಮುಖ್ಯ ಕಾರಣ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ರೈಫಲ್ ಮತ್ತು ಮದ್ದುಗುಂಡುಗಳ ಮೇಲಿನ ಶೇ 11ರಷ್ಟು ತೆರಿಗೆ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೇ ಹೋಗಬೇಕು ಎಂದಿತು. ಲೈಸೆನ್ಸ್ ಶುಲ್ಕವೂ ಇದರೊಂದಿಗೆ ಸೇರುತ್ತದೆ. ಈಗ ಖಂಡದಲ್ಲಿ ಸುಮಾರು 10 ಲಕ್ಷ ಎಲ್ಕ್‌ಗಳಿವೆ, ಅತಿ ಹೆಚ್ಚು ಇರುವುದು ಕೊಲೊರಾಡೊದಲ್ಲಿ.

ಕೊಲ್ಲುವವನ ದುಡ್ಡಿನಿಂದ ಕಾಯುವುದು ಎಂಬ ಮಾತು ನನ್ನಂಥವನಿಗೆ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅಮೆರಿಕದಲ್ಲೂ ಇದನ್ನು ಒಪ್ಪದವರು ಬೇಕಾದಷ್ಟಿದ್ದಾರೆ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಅಲ್ಲಗಳೆಯುವುದು ಕಷ್ಟ.

ಚದುರಂಗದ ಮೂಲೆ

ಅಪ್ಪನ ಪ್ರಶ್ನೆಯ ನಿಜವಾದ ಉತ್ತರ ಇರುವುದು ನೆಲದಲ್ಲಿ. ಅಮೆರಿಕದ ಭೂ ನಿರ್ವಹಣಾ ಬ್ಯೂರೊ ಬಳಿ ಸುಮಾರು 24.5 ಕೋಟಿ ಎಕರೆ, ಅರಣ್ಯ ಸೇವೆಯ ಬಳಿ ಸುಮಾರು 19.3 ಕೋಟಿ ಎಕರೆ ಇದೆ. ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿ. ಇದರಲ್ಲಿ ಹೆಚ್ಚಿನ ಜಾಗಕ್ಕೆ ಯಾರು ಬೇಕಾದರೂ ನಡೆದು ಹೋಗಬಹುದು, ಡೇರೆ ಹಾಕಬಹುದು, ಲೈಸೆನ್ಸ್ ಇದ್ದರೆ ಬೇಟೆಯಾಡಬಹುದು. ಸಾವಿರಾರು ಎಕರೆಯ ಒಡೆಯನಿಗೂ ಗ್ಯಾರೇಜಿನ ಮೆಕ್ಯಾನಿಕ್‌ಗೂ ಅಲ್ಲಿ ಒಂದೇ ಹಕ್ಕು.

ಆ ಹಕ್ಕಿಗೆ ಬೀಗ ಬಿದ್ದ ಕಥೆಯೂ ಇದೆ. 1860ರ ದಶಕದಲ್ಲಿ ರೈಲು ಹಳಿ ಹಾಕಿದ ಕಂಪನಿಗಳಿಗೆ ಸರ್ಕಾರ ಹಳಿಯ ಎರಡೂ ಬದಿಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ತುಂಡುಗಳನ್ನು ಕೊಟ್ಟಿತು. ನಕ್ಷೆಯಲ್ಲಿ ಚದುರಂಗದ ಹಾಸಿನಂತೆ ಕಪ್ಪು ಮನೆ ಖಾಸಗಿ, ಬಿಳಿ ಮನೆ ಸಾರ್ವಜನಿಕ. ಒಂದು ಬಿಳಿ ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಇರುವುದು ಮೂಲೆ ಮಾತ್ರ. ಆ ಮೂಲೆಯನ್ನು ದಾಟುವಾಗ ಭುಜ ಖಾಸಗಿ ಜಾಗದ ಗಾಳಿಯಲ್ಲಿ ಹಾದುಹೋಗುತ್ತದೆ. ಅದು ಅತಿಕ್ರಮವೇ?

2021ರಲ್ಲಿ ಮಿಸೌರಿಯಿಂದ ವಯೋಮಿಂಗ್‌ನ ಎಲ್ಕ್ ಮೌಂಟನ್‌ಗೆ ಬಂದ ನಾಲ್ವರು ಬೇಟೆಗಾರರು ಕಬ್ಬಿಣದ ಏಣಿಯೊಂದನ್ನು ಮಾಡಿಸಿಕೊಂಡು ಬಂದಿದ್ದರು. ಮೂಲೆಯ ಬೇಲಿಕಂಬದ ಮೇಲೆ ಅದನ್ನಿಟ್ಟು, ಖಾಸಗಿ ನೆಲವನ್ನು ಮೆಟ್ಟದೆ ಆಚೆಗಿಳಿದರು. ಜಮೀನಿನ ಒಡೆಯ ಬಿಡಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಜಮೀನಿನ ಬೆಲೆ ಕುಸಿಯಿತೆಂದು 70 ಲಕ್ಷ ಡಾಲರಿಗೂ ಮೀರಿದ ನಷ್ಟದ ಸಿವಿಲ್ ದಾವೆ ಮುಂದುವರಿಯಿತು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ಭೂಮಿಗೆ ಬೇಲಿ ಹಾಕಬಾರದೆಂಬ 1885ರ ಕಾಯ್ದೆಯನ್ನು ಆಧರಿಸಿ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಎತ್ತಿಕೊಳ್ಳಲು ನಿರಾಕರಿಸಿತು. ಕೊಲೊರಾಡೊ, ವಯೋಮಿಂಗ್ ಸೇರಿ ಆರು ರಾಜ್ಯಗಳಿಗೆ ಈ ತೀರ್ಪು ಅನ್ವಯ. ಮಾಂಟಾನಾ ಅದರಾಚೆ ಉಳಿದಿದೆ.

ಅದೇ 2025ರ ಜೂನ್‌ನಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. ಪಶ್ಚಿಮದ ರಾಜ್ಯಗಳಲ್ಲಿ 20 ಲಕ್ಷ ಎಕರೆಗೂ ಹೆಚ್ಚು ಸಾರ್ವಜನಿಕ ಭೂಮಿ ಮಾರುವ ಪ್ರಸ್ತಾಪವನ್ನು ಯೂಟಾದ ಸೆನೆಟರ್ ಮೈಕ್ ಲೀ ಬಜೆಟ್ ಮಸೂದೆಗೆ ಸೇರಿಸಿದರು. ಪರಿಸರವಾದಿಗಳು ವಿರೋಧಿಸಿದ್ದು ನಿರೀಕ್ಷಿತವೇ. ಆದರೆ ಅವರ ಜೊತೆ ಬೇಟೆಗಾರರೂ ನಿಂತರು. ಉಳಿದೆಲ್ಲ ವಿಷಯಗಳಲ್ಲಿ ಅದೇ ಪಕ್ಷಕ್ಕೆ ಮತ ಹಾಕುವವರೂ ತಮ್ಮ ಸೆನೆಟರ್‌ಗಳಿಗೆ ಫೋನ್ ಮಾಡಿದರು. ತಿಂಗಳು ಮುಗಿಯುವ ಮೊದಲೇ ಪ್ರಸ್ತಾಪ ವಾಪಸಾಯಿತು.

ನಡೆದವರೇ ಕಾಯುವವರು

ಇದನ್ನೆಲ್ಲ ಹೇಳಿ ನಮ್ಮಲ್ಲೂ ಬೇಟೆ ಶುರುವಾಗಲಿ ಎನ್ನುವುದು ನನ್ನ ಉದ್ದೇಶವಲ್ಲ. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ್ದರಿಂದಲೇ ಇವತ್ತು ಅಲ್ಲಿ ಹುಲಿಗಳಿವೆ. ನಮ್ಮ ಜನಸಂಖ್ಯೆಗೆ, ನಮ್ಮಲ್ಲಿ ಉಳಿದ ಚೂರುಪಾರು ಕಾಡಿಗೆ ನಿಷೇಧವೇ ಸರಿ.

ನನಗೆ ಹಿಡಿಸಿದ್ದು ಬೇರೆ. ಹಿಮದಲ್ಲಿ ಒಂದು ವಾರ ನಡೆದು ಬರಿಗೈಯಲ್ಲಿ ಬಂದವನಿಗೆ ಆ ಕಣಿವೆಯ ಪ್ರತಿ ತಿರುವು ಗೊತ್ತು. ಅದು ಮಾರಾಟಕ್ಕಿದೆ ಎಂದರೆ ಅವನಿಗೆ ಮನೆಯ ಜಗಲಿ ಮಾರಿದಷ್ಟೇ ನೋವು. ನಮ್ಮಲ್ಲಿ ಗೋಮಾಳ ಒತ್ತುವರಿಯಾದರೆ ಮೊದಲು ಗೊತ್ತಾಗುವುದು ದನ ಮೇಯಿಸುವವರಿಗೆ. ದನ ಕಟ್ಟುವುದನ್ನೇ ನಿಲ್ಲಿಸಿದ ಊರುಗಳಲ್ಲಿ ಗೋಮಾಳ ಕರಗಿದ್ದು ಯಾರ ಗಮನಕ್ಕೂ ಬರುವುದಿಲ್ಲ. 'ಸರ್ಕಾರದ್ದು' ಎಂದು ನಾವು ಬಿಟ್ಟ ಜಾಗಕ್ಕೆ ಬೇರೆ ಒಡೆಯರು ಬೇಗ ಸಿಗುತ್ತಾರೆ.

ಪುಣೆಯ ನಡುವೆ ವೇತಾಳ ಟೇಕಡಿ ಎಂಬ ಗುಡ್ಡವಿದೆ. ಬೆಳಗ್ಗೆ ವಾಕಿಂಗ್‌ಗೆ ಬರುವ ಹಿರಿಯರು, ಓಡುವ ಹುಡುಗರು, ಹಕ್ಕಿ ನೋಡುವವರು, ನಾಯಿ ಕರೆತರುವವರು, ಎಲ್ಲರಿಗೂ ಅದು ಬೇಕು. ಗುಡ್ಡವನ್ನು ಹಾದು ರಸ್ತೆ ಮಾಡುವ ಯೋಜನೆ ಬಂದಾಗ 2023ರಲ್ಲಿ ಫಲಕ ಹಿಡಿದು ಬೀದಿಗಿಳಿದವರಲ್ಲಿ ಹೀಗೆ ದಿನಾ ಆ ಗುಡ್ಡ ಹತ್ತುವವರೇ ಇದ್ದರು. ಊರು ಬಿಟ್ಟು ಬಂದ ನಮ್ಮಂಥವರು ಬಾಡಿಗೆ ಮನೆ, ಆಫೀಸು, ಮಾಲ್‌ಗಳ ನಡುವೆಯೇ ದಿನ ಕಳೆಯುತ್ತೇವೆ. ಇದ್ದ ಊರಿನಲ್ಲಿ ಒಂದು ಗುಡ್ಡವನ್ನೋ, ಕೆರೆಯನ್ನೋ ಕಾಲಿನಿಂದ ಪರಿಚಯ ಮಾಡಿಕೊಳ್ಳುವುದಕ್ಕೆ ಲೈಸೆನ್ಸ್ ಬೇಕಿಲ್ಲ, ಏಪ್ರಿಲ್‌ನಲ್ಲಿ ಅರ್ಜಿಯನ್ನೂ ಹಾಕಬೇಕಿಲ್ಲ. ಭಾನುವಾರ ಸ್ವಲ್ಪ ಬೇಗ ಎದ್ದರೆ ಸಾಕು.