ಕಷಾಯದ ಎಲೆ ಸರಿ, ನೀರು ಯಾವುದು?

ಚಿಂತಾಮಣಿಯ ಸಂತೆಯಲ್ಲಾಗಲಿ ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಾಗಲಿ ಮಂಡಿನೋವಿನ ಮಾತೆತ್ತಿ ನೋಡಿ, ಮದ್ದು ಹೇಳದವರೇ ಸಿಗುವುದಿಲ್ಲ. ಒಬ್ಬರು ಅಮೃತಬಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಪಾರಿಜಾತದ ಎಲೆ ಅನ್ನುತ್ತಾರೆ, ಮೂರನೆಯವರು ಮೊಬೈಲು ತೆಗೆದು ‘ಜಾಯಿಂಟ್ ಕೇರ್’ ಡಬ್ಬಿಯ ಫೋಟೊ ತೋರಿಸುತ್ತಾರೆ. ಎಷ್ಟು ಎಲೆ, ಯಾವ ಹೊತ್ತಿಗೆ, ಖಾಲಿ ಹೊಟ್ಟೆಗೋ ಊಟದ ಮೇಲೋ ಎಂದೆಲ್ಲ ಚರ್ಚೆಯಾಗುತ್ತದೆ. ಅದನ್ನು ಕುದಿಸಿದ್ದು ಯಾವ ನೀರಿನಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮಲೆನಾಡಿನಲ್ಲಾದರೆ ಈ ಪ್ರಶ್ನೆಯೇ ಬೇಕಾಗಿರಲಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದದ್ದೇ ಅದು.

“ಕೀಲುನೋವು ಅಂದರೆ ವಾಯು. ಎಲ್ಲದಕ್ಕೂ ಒಂದೇ ಕಷಾಯ.”

ಕೀಲು ಹಿಡಿಯುವ ಕಾಯಿಲೆಗಳು ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವವನ್ನಾದರೂ ಬೇರೆ ಬೇರೆ ಎಂದು ತಿಳಿದಿರಬೇಕು. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆದು, ಮೆಟ್ಟಿಲು ಇಳಿಯುವಾಗ ನೋಯುವುದು ಒಂದು. ಬೆಳಿಗ್ಗೆ ಎದ್ದ ಮೇಲೆ ಎರಡೂ ಕೈಯ ಸಣ್ಣ ಗೆಣ್ಣುಗಳು ಗಂಟೆಗಟ್ಟಲೆ ಬಿಗಿದುಕೊಂಡು ಊದಿರುವುದು ಇನ್ನೊಂದು. ಇದು ರುಮಟಾಯ್ಡ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ನಡುರಾತ್ರಿ ಕಾಲ್ಬೆರಳು ಕೆಂಪಗಾಗಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಯೂರಿಕ್ ಆಮ್ಲದ ಗೌಟ್ ಇರಬಹುದು. ಚಿಕುನ್‌ಗುನ್ಯಾ ಬಿಟ್ಟುಹೋದ ನೋವು ಮತ್ತೊಂದು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ರಾಜ್ಯದವೇ. ಈ ಜಿಲ್ಲೆ ಆಗ ಇನ್ನೂ ಕೋಲಾರದ ಭಾಗ. ಆ ಜ್ವರದ ಕೀಲುನೋವು ಕೆಲವರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ.

ಸವೆತದ ನೋವಿನವರು ಕಷಾಯ ಕುಡಿಯುತ್ತ ಆರು ತಿಂಗಳು ಕಾದರೆ ದೊಡ್ಡ ನಷ್ಟವೇನಿಲ್ಲ. ರುಮಟಾಯ್ಡ್ ಇರುವವರು ಹಾಗೆ ಕಾಯುವಂತಿಲ್ಲ. ಮೊದಲ ತಿಂಗಳುಗಳಲ್ಲಿ ಸರಿಯಾದ ಮಾತ್ರೆ ಶುರುವಾಗದಿದ್ದರೆ ಬೆರಳು ಸೊಟ್ಟಗಾಗುತ್ತವೆ, ಆಮೇಲೆ ಯಾವ ಔಷಧಿಯೂ ಅವನ್ನು ನೇರ ಮಾಡುವುದಿಲ್ಲ.

ಇವೆಲ್ಲವನ್ನೂ ಹೋಲುವ ಐದನೆಯದೊಂದು ಈ ನೆಲದ್ದೇ.

“ಕುದಿಸಿದ ಮೇಲೆ ಯಾವ ನೀರಾದರೇನು, ಶುದ್ಧವೇ.”

ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ಅದು ಕಲ್ಲಿನಿಂದ ಬಂದ ಲವಣ. ನಮ್ಮ ಕಾಲಡಿಯ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಆಳದ ನೀರು ಅವುಗಳ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರು ಇದನ್ನು ಮೀರುತ್ತದೆ.

ಈಗ ಕಷಾಯದ ಲೆಕ್ಕ ನೋಡಿ. ನಾಲ್ಕು ಲೋಟ ನೀರು ಹಾಕಿ ಒಂದು ಲೋಟಕ್ಕೆ ಇಳಿಸಬೇಕು ಎಂಬುದು ಅಜ್ಜಿಯಂದಿರ ಕಾಲದ ಕಟ್ಟಳೆ. ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ನಿಮ್ಮ ಬೋರಿನ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೆ, ಇಳಿಸಿದ ಕಷಾಯದಲ್ಲಿ ಅದು 8ಕ್ಕೆ ಏರಿರುತ್ತದೆ. ನಾಲ್ಕು ಲೋಟದ ಫ್ಲೋರೈಡನ್ನು ಒಂದೇ ಲೋಟದಲ್ಲಿ ಕುಡಿದಂತಾಯಿತು. ಮಂಡಿನೋವಿಗೆಂದು ದಿನಕ್ಕೆರಡು ಸಲ, ವರ್ಷವಿಡೀ ಕುಡಿಯುವವರ ಪಾಡು ಯೋಚಿಸಿ.

ಹಳ್ಳಿಹಳ್ಳಿಯಲ್ಲೂ ಈಗ ಶುದ್ಧ ನೀರಿನ ಘಟಕವಿದೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಆದರೆ ಕ್ಯಾನಿನ ನೀರು ಕುಡಿಯಲಿಕ್ಕೆ, ಅಡುಗೆಗೂ ಟೀಗೂ ಕಷಾಯಕ್ಕೂ ನಲ್ಲಿ ನೀರು ಎಂಬ ವಿಂಗಡಣೆ ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ‘ಹೇಗೂ ಕುದಿಯುತ್ತಲ್ಲ’ ಎಂಬುದೇ ಸಮಾಧಾನ. ಉಲ್ಟಾ ಆಗಬೇಕಾದ್ದು ಇಲ್ಲೇ.

ಆ ಐದನೆಯದು ಫ್ಲೋರೈಡಿನಿಂದ ಬರುವ ಮೂಳೆಯ ಫ್ಲೋರೋಸಿಸ್. ಅದು ಶುರುವಿನಲ್ಲಿ ಸಂಧಿವಾತದಂತೆಯೇ ಇರುತ್ತದೆ. ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ, ಆಮೇಲೆ ಸ್ನಾಯುಕಟ್ಟುಗಳು ಸುಣ್ಣಗಟ್ಟುತ್ತವೆ. ಭಾರತದಲ್ಲಿ ಇದನ್ನು ಮನುಷ್ಯರಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆ. ಅದಕ್ಕೂ ಮೊದಲು ಅಲ್ಲಿನ ರೈತರು ಉಳುವ ಎತ್ತುಗಳು ಕಾಲು ಸೆಟೆದು ನಡೆಯಲಾಗದೆ ನಿಲ್ಲುವುದನ್ನು ಕಂಡಿದ್ದರಂತೆ. ಮನೆಯಲ್ಲೇ ನೋಡಿಕೊಳ್ಳಬಹುದಾದ ಮೂರು ಪರೀಕ್ಷೆಗಳಿವೆ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ಇವು ಆಗದಿದ್ದರೆ ಫ್ಲೋರೋಸಿಸ್ಸೇ ಎಂದಲ್ಲ. ಆದರೆ ಮನೆಯ ಮಕ್ಕಳ ಹಲ್ಲಿನ ಮೇಲೆ ಹಳದಿ-ಕಂದು ಪಟ್ಟಿಯೂ ಇದ್ದರೆ ಮೂತ್ರದ ಫ್ಲೋರೈಡ್ ಪರೀಕ್ಷೆ, ಮುಂಗೈಯ ಎಕ್ಸ್‌ರೇ ಮಾಡಿಸಿ ಎಂದು ವೈದ್ಯರನ್ನು ನೀವೇ ಕೇಳಬೇಕು. ಫ್ಲೋರೈಡನ್ನು ಹೊರಹಾಕುವುದು ಮೂತ್ರಪಿಂಡ, ಹಾಗಾಗಿ ಕಿಡ್ನಿ ದುರ್ಬಲವಿರುವವರಿಗೆ ಅಪಾಯ ಇನ್ನೂ ಹೆಚ್ಚು.

“ಗ್ರೀನ್ ಟೀ, ಹರ್ಬಲ್ ಟೀ ಎಲ್ಲ ಒಂದೇ. ಕೀಲಿಗೆ ಒಳ್ಳೆಯದು.”

ಒಂದೇ ಅಲ್ಲ. ಗ್ರೀನ್ ಟೀಯೂ ನಾವು ಹಾಲು ಬೆರೆಸಿ ಕುಡಿಯುವ ಟೀ ಗಿಡದ್ದೇ ಎಲೆ. ಆ ಗಿಡ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಎಲೆ ಬಲಿತಷ್ಟೂ ಹೆಚ್ಚು. ಅಮೆರಿಕದ 47 ವರ್ಷದ ಹೆಂಗಸೊಬ್ಬರು 17 ವರ್ಷ ಕಾಲ ದಿನಕ್ಕೆ 100ರಿಂದ 150 ಟೀ ಬ್ಯಾಗುಗಳ ಗಟ್ಟಿ ಟೀ ಕುಡಿದು ಮೂಳೆಯ ಫ್ಲೋರೋಸಿಸ್ ತಂದುಕೊಂಡ ಪ್ರಕರಣ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಷ್ಟು ಯಾರು ಕುಡಿಯುತ್ತಾರೆ ಎನ್ನಬಹುದು, ನಿಜ. ಆದರೆ ನೀರಿನಲ್ಲೇ ಫ್ಲೋರೈಡ್ ಇರುವ ಕಡೆ ದಿನಕ್ಕೆ ಐದಾರು ಲೋಟ ಗಟ್ಟಿ ಟೀಯೂ ಸೇರಿದರೆ ಲೆಕ್ಕ ಏರುತ್ತದೆ. ಶುಂಠಿ, ತುಳಸಿ, ಪಾರಿಜಾತದ ಕಷಾಯಕ್ಕೆ ಎಲೆಯ ಕಡೆಯಿಂದ ಈ ಭಯವಿಲ್ಲ. ಪೊಟ್ಟಣದ ‘ಹರ್ಬಲ್’ ಟೀ ಕೊಂಡರೆ ಹಿಂಬದಿ ಓದಿ: ಒಳಗೆ ಟೀ ಎಲೆ ಬೆರೆತಿರಬಹುದು. ಜ್ಯೇಷ್ಠಮಧು ಇದ್ದರೆ ಬಿ.ಪಿ. ಇರುವವರು ದಿನಾ ಕುಡಿಯಬಾರದು, ಅದು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

“ಅಮೃತಬಳ್ಳಿ ಎಷ್ಟು ಕುಡಿದರೂ ಅಮೃತವೇ.”

ಕೊರೊನಾ ಕಾಲದಲ್ಲಿ ಬೇಲಿಬೇಲಿಯ ಬಳ್ಳಿಯೂ ಖಾಲಿಯಾಯಿತು. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ಪ್ರಕಟಿಸಿದರು. ಆಯುಷ್ ಮಂತ್ರಾಲಯ ಒಪ್ಪಲಿಲ್ಲ. ಅದನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದು ಎಂಬುದು ಅದರ ವಾದ, ತೆಗೆದುಹಾಕುವಂಥ ವಾದವೂ ಅಲ್ಲ. ಮುಂದಿನ ವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಕೊಟ್ಟರು. ಅವರಲ್ಲಿ ಅನೇಕರ ರೋಗ ಆಟೊಇಮ್ಯೂನ್ ಬಗೆಯದಾಗಿತ್ತು.

ಕೀಲುರೋಗಿಗಳು ಗಮನಿಸಬೇಕಾದ್ದು ಈ ಕೊನೆಯ ಮಾತನ್ನು. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಕುಡಿಯುವ ಬಳ್ಳಿ ಇದು. ರುಮಟಾಯ್ಡ್‌ನಲ್ಲಿ ಕೀಲು ಕೆಡಿಸುತ್ತಿರುವುದೇ ಅಂಕೆ ಮೀರಿದ ಆ ಶಕ್ತಿ. ಅದರ ಮೇಲೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುವವರಾದರೆ, ಆ ಮಾತ್ರೆಯೂ ಯಕೃತ್ತಿನ ಮೇಲೆ ಭಾರ ಹಾಕುವಂಥದು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೇವೆಂದು ವೈದ್ಯರಿಗೆ ಹೇಳುವವರು ಕಡಿಮೆ, ‘ಬೈತಾರೆ’ ಎಂಬ ಸಂಕೋಚ. ಬೈದರೆ ಬೈಯಲಿ, ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅವತ್ತೇ ಕಷಾಯ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿ.

“ಅರಿಶಿನದ ಹಾಲು ಸಾಕು, ಮಾತ್ರೆ ಯಾಕೆ?”

ಅರಿಶಿನಕ್ಕೆ ಗುಣವಿಲ್ಲವೆಂದಲ್ಲ. ಅದರಲ್ಲಿರುವ ಕರ್ಕ್ಯುಮಿನ್ ಮಂಡಿ ಸವೆತದ ನೋವನ್ನು ಒಂದಿಷ್ಟು ತಗ್ಗಿಸುತ್ತದೆಂದು ಹಲವು ಸಣ್ಣ ಪ್ರಯೋಗಗಳು ತೋರಿಸಿವೆ. ತೊಡಕಿರುವುದು ಪ್ರಮಾಣದಲ್ಲಿ. ಅಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಡುವುದು ದಿನಕ್ಕೆ 1,000 ಮಿಲಿಗ್ರಾಂ ಆಸುಪಾಸಿನ ಕರ್ಕ್ಯುಮಿನ್. ಅರಿಶಿನ ಪುಡಿಯಲ್ಲಿ ಅದು ಇರುವುದು ಶೇ 3ರಷ್ಟು, ಅಂದರೆ ಒಂದು ಟೀ ಚಮಚ ಪುಡಿಯಲ್ಲಿ ನೂರು ಮಿಲಿಗ್ರಾಂ ಕೂಡ ಇಲ್ಲ. ಹಾಲಿಗೆ ಚಿಟಿಕೆ ಹಾಕಿಕೊಂಡರೆ ರುಚಿ, ಬಣ್ಣ, ನಿದ್ದೆ. ಔಷಧಿ ಎನ್ನುವಷ್ಟಿಲ್ಲ.

ಮೆಣಸು ಸೇರಿಸಿ ಎನ್ನುತ್ತಾರಲ್ಲ, ಆ ಮಾತಿನ ಹಿಂದೆ ನಮ್ಮ ಬೆಂಗಳೂರೇ ಇದೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರುತ್ತದೆಂದು ತೋರಿಸಿದರು. ಇವತ್ತು ಜಗತ್ತಿನಾದ್ಯಂತ ಮಾರಾಟವಾಗುವ ಎಷ್ಟೋ ಅರಿಶಿನ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದು ಇದೇ ಕಾರಣಕ್ಕೆ. ಆದರೆ ಪೈಪರೀನ್ ಅರಿಶಿನಕ್ಕಷ್ಟೇ ಬಾಗಿಲು ತೆರೆಯುವುದಿಲ್ಲ, ಮೂರ್ಛೆರೋಗದ ಫೆನಿಟೋಯಿನ್‌ನಂಥ ಮಾತ್ರೆಗಳ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಈ ಕ್ಯಾಪ್ಸೂಲುಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ಅಮೆರಿಕ, ಇಟಲಿಗಳಲ್ಲಿ ದಾಖಲಾಗಿವೆ. ಸಾರಿನ ಅರಿಶಿನಕ್ಕೂ ಮೆಣಸಿಗೂ ಈ ಮಾತು ಅನ್ವಯಿಸದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಕ್ಯಾಪ್ಸೂಲಿನಿಂದ ದೂರವಿರಲಿ.

“ಗ್ಲುಕೋಸಮೈನ್ ಸವೆದ ಮಂಡಿಯನ್ನು ಮತ್ತೆ ಬೆಳೆಸುತ್ತದೆ.”

ಬೆಳೆಸುವುದಿಲ್ಲ. 1,583 ಮಂಡಿನೋವಿನ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಅವೆರಡೂ ಸೇರಿದ್ದು, ಯಾವುದೂ ಒಟ್ಟಾರೆ ಲೆಕ್ಕದಲ್ಲಿ ಹುಸಿಮಾತ್ರೆಯನ್ನು ಗೆಲ್ಲಲಿಲ್ಲ. ಹುಸಿಮಾತ್ರೆ ನುಂಗಿದವರಲ್ಲೂ ಶೇ 60ರಷ್ಟು ಮಂದಿಗೆ ನೋವು ಕಡಿಮೆಯಾಗಿತ್ತು! ‘ನನಗೆ ಗುಣವಾಯಿತು’ ಎಂಬ ನೆರೆಯವರ ಮಾತನ್ನು ತೂಗುವಾಗ ಈ ಅಂಕಿ ನೆನಪಿರಲಿ. ಸಸ್ಯಾಹಾರಿಗಳಿಗೊಂದು ಮಾತು: ಈ ಮಾತ್ರೆಯನ್ನು ಹೆಚ್ಚಾಗಿ ತಯಾರಿಸುವುದು ಸೀಗಡಿ, ಏಡಿಗಳ ಚಿಪ್ಪಿನಿಂದ.

ತಿಂಗಳಿಗೆ ಸಾವಿರಗಟ್ಟಲೆ ಅದಕ್ಕೆ ಸುರಿಯುವುದಕ್ಕಿಂತ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕಲಿತುಕೊಳ್ಳುವುದು ಜಾಣತನ. ದೇಹದ ತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಲಕ್ಕಿಸೊಪ್ಪಿನ ಶಾಖ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದು, ಇವುಗಳ ಮೇಲೆ ನನ್ನ ತಕರಾರೇನೂ ಇಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗದಿದ್ದರೆ ಸಾಕು.

“ಅವರ ಪುಡಿ ತಿಂದು ಎರಡೇ ದಿನಕ್ಕೆ ಎದ್ದು ಓಡಾಡಿದರು.”

ಎರಡೇ ದಿನಕ್ಕೆ ಎಂಬುದೇ ಅನುಮಾನಕ್ಕೆ ಕಾರಣ. ಗಿಡಮೂಲಿಕೆ ಅಷ್ಟು ಬೇಗ ಕೆಲಸ ಮಾಡುವುದಿಲ್ಲ, ಸ್ಟೀರಾಯ್ಡ್ ಮಾಡುತ್ತದೆ. ಲೇಬಲ್ಲಿಲ್ಲದ ಪುಡಿ, ಗುಳಿಗೆಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡನ್ನೋ ನೋವಿನ ಮಾತ್ರೆಯನ್ನೋ ಅರೆದು ಬೆರೆಸಿದ್ದು ಮತ್ತೆಮತ್ತೆ ಸಿಕ್ಕಿಬಿದ್ದಿದೆ. ಮುಖ ಊದಿ ದುಂಡಗಾಗುವುದು, ಸಕ್ಕರೆ ಏರುವುದು, ಚರ್ಮ ತೆಳ್ಳಗಾಗಿ ಕಂದುವುದು ಅದರ ಗುರುತು. ತಿಂಗಳುಗಟ್ಟಲೆ ತಿಂದಿದ್ದರೆ ಭಯಬಿದ್ದು ಒಮ್ಮೆಲೇ ಬಿಡುವುದೂ ಅಪಾಯ. ಪುಡಿಯ ಸಮೇತ ಆಸ್ಪತ್ರೆಗೆ ಹೋಗಿ, ವೈದ್ಯರು ನಿಧಾನವಾಗಿ ಇಳಿಸಿಕೊಡುತ್ತಾರೆ.

ಆಯುರ್ವೇದ ಓದಿದ ವೈದ್ಯರನ್ನೂ ಇಂಥ ಪುಡಿ ಮಾರುವವರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಯೋಗರಾಜ ಗುಗ್ಗುಲುವಿಗೂ ಸೀಸ, ಪಾದರಸದ ಭಸ್ಮಗಳು ಸೇರಿದ ಮಹಾಯೋಗರಾಜ ಗುಗ್ಗುಲುವಿಗೂ ಇರುವ ವ್ಯತ್ಯಾಸ ಓದಿದವರಿಗೆ ಗೊತ್ತು, ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಸರ್ಕಾರವೇ ಔಷಧವೆಂದು ಒಪ್ಪಿದೆ ಅಂದುಕೊಳ್ಳಬೇಡಿ. ಅದು ಆಹಾರ ಪದಾರ್ಥದ ಪರವಾನಗಿ.

“ಕೀಲು ಸವೆದಿದೆ, ಕ್ಯಾಲ್ಸಿಯಂ ನುಂಗಿದರೆ ತುಂಬಿಕೊಳ್ಳುತ್ತದೆ.”

ಕ್ಯಾಲ್ಸಿಯಂ ಮೂಳೆಗೆ. ಸವೆಯುವುದು ಮೂಳೆಯ ತುದಿಯ ಮೃದ್ವಸ್ಥಿ. ಅದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ಫ್ಲೋರೈಡ್ ನೆಲದಲ್ಲಿ ಕ್ಯಾಲ್ಸಿಯಂಗೆ ಬೇರೊಂದು ಕೆಲಸವಿದೆ. ಊಟದಲ್ಲಿ ಅದು ಸಾಕಷ್ಟಿದ್ದರೆ ಕರುಳಿನಲ್ಲಿ ಫ್ಲೋರೈಡಿಗೆ ಅಂಟಿಕೊಂಡು, ರಕ್ತಕ್ಕೆ ಸೇರುವ ಪ್ರಮಾಣವನ್ನು ತಗ್ಗಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಬಿಟ್ಟು ಅನ್ನಕ್ಕೆ ತಿರುಗಿದ ಮನೆಗಳು ಇದನ್ನು ಯೋಚಿಸಬೇಕು.

ಮುದ್ದೆಯ ಜೊತೆಗಿನ ಸಾರಿನಲ್ಲೂ ಒಂದು ವಿಷಯವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶಾಲಾ ಬಾಲಕರಿಗೆ 18 ದಿನ, ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇದ್ದವರು ಸುಮಾರು ಇಪ್ಪತ್ತು ಮಂದಿ ಹುಡುಗರು ಮಾತ್ರ. ಸುಣ್ಣಗಟ್ಟಿದ ಬೆನ್ನನ್ನು ಹುಣಸೆ ಸಡಿಲಿಸುತ್ತದೆ ಎಂದು ಅದು ಹೇಳುವುದಿಲ್ಲ, ಹುಣಸೆ ಕ್ಯಾಪ್ಸೂಲ್ ಮಾರಲು ಯಾರಾದರೂ ಹೊರಟರೆ ನಂಬಬೇಡಿ. ಉಪ್ಪುಸಾರಿಗೆ ಕಿವುಚುವಷ್ಟು ಕಿವುಚಿದರಾಯಿತು, ಆ ಸಾರನ್ನೂ ಘಟಕದ ನೀರಲ್ಲೇ ಮಾಡಿದರೆ.

ನಿಮ್ಮ ನಲ್ಲಿಯ ನೀರಿನಲ್ಲಿ ಎಷ್ಟಿದೆಯೆಂದು ತಿಳಿಯಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಊರಿನ ಹೆಂಗಸರಿಗೇ ತರಬೇತಿ ಕೊಡುವ ವ್ಯವಸ್ಥೆಯಿದೆ, ಪಕ್ಕಾ ಅಂಕಿ ಬೇಕಿದ್ದರೆ ಗ್ರಾಮೀಣ ಕುಡಿಯುವ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯವಿದೆ. ಮಾದರಿಯನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುವುದರಿಂದ ಗಾಜಿನ ಸೀಸೆ ಬೇಡ.