ಕೆಂಪು ಬೆಟ್ಟಕ್ಕೆ ಹಸುರು ಮರಳುವುದೆಂತು?

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ಸುತ್ತ ಎರೆಯ ಬಯಲು. ಈ ಸೀಮೆಯಲ್ಲಿ ಬೀಳು ನೆಲ ಕಂಡಲ್ಲೆಲ್ಲ ತಾನೇ ತಾನಾಗಿ ಹಬ್ಬುವ ಮುಳ್ಳುಗಿಡವೊಂದನ್ನು ಕನ್ನಡಿಗರು 'ಬಳ್ಳಾರಿ ಜಾಲಿ' ಎಂದು ಕರೆಯುತ್ತಾರೆ. ಹೆಸರು ಬಳ್ಳಾರಿಯದಾದರೂ ಅದರ ತೌರು ಅಮೆರಿಕ ಖಂಡ. ಭಾರತಕ್ಕೆ ಅದು ಬಂದುದು 1877ರ ಸುಮಾರಿಗೆ. ಆಡುಕುರಿಗಳು ಇದರ ಎಲೆಯನ್ನು ಮುಟ್ಟವು. ಕಾಯಿಯನ್ನು ತಿಂದು ಬೀಜವನ್ನು ಊರೂರಿಗೆ ಹರಡುತ್ತವೆ. ಇಂತಹ ಗಿಡದಿಂದ ಬಂಜರು ಬೇಗ ಹಸುರಾಗುವುದು ನಿಜ. ಆದರೆ ಹಸುರಾದುದೆಲ್ಲವೂ ಕಾಡಾಗುವುದೇ? ಇದೇ ಜಿಲ್ಲೆಯ ಸಂಡೂರಿನ ಬೆಟ್ಟಗಳು ಇಂದು ಕೇಳುತ್ತಿರುವ ಪ್ರಶ್ನೆ ಇದು.

ಕುಮಾರಸ್ವಾಮಿಯ ಸನ್ನಿಧಿಯಿಂದ ಹೆಸರಾದ ಆ ಬೆಟ್ಟಸಾಲಿನ ಒಡಲಲ್ಲಿರುವುದು ಕಬ್ಬಿಣದ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಲು, ಅಗೆತವು ಮಿತಿಮೀರಿತು. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈನಲ್ಲಿ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರ ಏಪ್ರಿಲ್ 18ರ ತೀರ್ಪು ಅಕ್ರಮ ಹೆಚ್ಚಾಗಿದ್ದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಉಳಿದವರು ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಗೆ ಒಳಪಡಬೇಕೆಂದು ವಿಧಿಸಿತು. ಆ ಯೋಜನೆಗಳನ್ನು ರೂಪಿಸಿದುದು ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ.

ಗಣಿಯ ತ್ಯಾಜ್ಯದ ಗುಡ್ಡೆಯಲ್ಲಿ ಸಸಿ ನೆಟ್ಟು ನೀರೆರೆದರೆ ಸಾಲದು. ಅದು ಮಣ್ಣಲ್ಲ, ಪುಡಿಯಾದ ಕಲ್ಲು. ಅದರಲ್ಲಿ ನೀರು ನಿಲ್ಲದು; ಬೇರಿಗೆ ನೆರವಾಗುವ ಸೂಕ್ಷ್ಮಜೀವಿಗಳಿಲ್ಲ; ಒಂದು ಬಿರುಮಳೆ ಬಂದರೆ ಇಳಿಜಾರೇ ಹಳ್ಳಕ್ಕೆ ಕೊಚ್ಚಿಹೋಗುವುದು. ಆದುದರಿಂದ ಮೊದಲು ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ಹಳ್ಳಗಳಿಗೆ ಒಡ್ಡು ಹಾಕಬೇಕು. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿದರೆ ಮಣ್ಣು ಜಾರದು. ಅಗೆಯುವಾಗ ಮೇಲ್ಮಣ್ಣನ್ನು ಬೇರೆಯಾಗಿ ಕಾದಿರಿಸಿ, ತಡಮಾಡದೆ ಮರಳಿ ಹರಡಬೇಕು. ಬಹುಕಾಲ ರಾಶಿ ಬಿದ್ದ ಮಣ್ಣಿನ ಸತ್ವ ಕುಂದುವುದು.

ಬಳಿಕ ಮೊದಲ ಸರದಿ ಹುಲ್ಲಿನದು. ಹುಲ್ಲು ಮಣ್ಣನ್ನು ಹಿಡಿದ ಮೇಲೆ ಬಂದರಿಕೆಯಂತಹ ಪೊದೆ. ಆ ನೆರಳಿನಲ್ಲಿ ಕಮರ, ದಿಂಡಿಗ, ಕಗ್ಗಲಿ, ಮುತ್ತುಗ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯಿಸುವಂತೆ, ಗಣಿ ಮುಗಿದ ನೆಲದಲ್ಲಿ ಮರಳಿ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಾಗಿಸಲು ಆದೇಶಿಸಿತು. ಮೇವಿಗೂ ವನ್ಯಜೀವಿಗಳಿಗೂ ಆ ನೆಲ ಒದಗಬೇಕೆಂಬುದು ಅದರ ಆಶಯ.

ಈ ನಾಡಮರಗಳಿಗೆ ಒಂದು ದೌರ್ಬಲ್ಯವುಂಟು. ಅವು ನಿಧಾನವಾಗಿ ಬೆಳೆಯುತ್ತವೆ. ಬೇಸಗೆಯಲ್ಲಿ ಎಲೆ ಉದುರಿಸಿ ಬರಿಗೊಂಬೆಯಾಗಿ ನಿಲ್ಲುತ್ತವೆ. ತನಿಖೆಗೆ ಬಂದವರ ಕಣ್ಣಿಗೆ ವರ್ಷವಿಡೀ ಹಸುರಾಗಿರುವ ಹೊರನಾಡ ಗಿಡವೇ ಮೇಲೆಂದು ತೋರಿದರೆ ಸೋಜಿಗವಿಲ್ಲ. ಆದರೆ ಉದುರಿದ ಆ ಎಲೆಯೇ ನಾಳಿನ ಮಣ್ಣು. ನೆಟ್ಟ ಸಸಿಗಳ ಲೆಕ್ಕ ಕಾಗದದಲ್ಲಿ ಮುಗಿಯುವುದು. ನೆಟ್ಟ ಮರದ ಬೀಜ ಯಾರೂ ನೆಡದೆ ತಾನಾಗಿ ಮೊಳೆತಂದು ಕಾಡಿನ ಲೆಕ್ಕ ತೊಡಗುವುದು.

ಬಳ್ಳಾರಿಯ ಹೆಸರು ಹೊತ್ತ ಹೊರಗಿನ ಗಿಡಕ್ಕೆ ಯಾರ ಆರೈಕೆಯೂ ಬೇಕಿಲ್ಲ. ಬಳ್ಳಾರಿಯ ಮಣ್ಣಿನಲ್ಲಿಯೇ ಹುಟ್ಟಿದ ಕಮರಕ್ಕೆ ಮಾತ್ರ ಇಂದು ಮನುಷ್ಯನ ತಾಳ್ಮೆ ಬೇಕಾಗಿದೆ.